ಸಿಕ್ಕ ಬಗ್ ಕೈತಪ್ಪದಿರಲು ಒಂದು ಸಂಖ್ಯೆ

ರಾತ್ರಿ ತಾನಾಗಿ ಓಡಿದ ಸಾವಿರಾರು ಟೆಸ್ಟ್‌ಗಳಲ್ಲಿ ಒಂದು ಫೇಲ್ ಆಗಿರುತ್ತದೆ. ಬೆಳಿಗ್ಗೆ ಅದನ್ನೇ ಮತ್ತೆ ಓಡಿಸಿದರೆ ಪಾಸ್! ಕೋಡಿನಲ್ಲಿ ಒಂದಕ್ಷರವೂ ಬದಲಾಗಿಲ್ಲ. ಸಾಫ್ಟ್‌ವೇರ್ ಮಂದಿ ಇಂಥದಕ್ಕೆ ‘ಫ್ಲೇಕಿ ಟೆಸ್ಟ್’ ಎಂದು ಹಣೆಪಟ್ಟಿ ಹಚ್ಚಿ ಮುಂದೆ ಹೋಗುವುದುಂಟು. ಟೆಸ್ಟಿನೊಳಗೆ ರ‍್ಯಾಂಡಮ್ ಸಂಖ್ಯೆಗಳಿದ್ದರೆ ಹಾಗೆ ಕೈಚೆಲ್ಲುವ ಮೊದಲು ಕೇಳಬೇಕಾದದ್ದು: ಸೀಡ್ ಎಷ್ಟಿತ್ತು?

ಟೆಸ್ಟಿಗೆ ರ‍್ಯಾಂಡಮ್ ಸಂಖ್ಯೆ ಏಕೆ ಬೇಕು? ಕೋಡ್ ಬರೆದವರು ತಮಗೆ ಹೊಳೆದ ಇನ್‌ಪುಟ್‌ಗಳನ್ನಷ್ಟೇ ಕೊಟ್ಟು ನೋಡುತ್ತಾರೆ. 1988ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬಾರ್ಟನ್ ಮಿಲ್ಲರ್ ಗುಡುಗು-ಮಳೆಯ ರಾತ್ರಿಯೊಂದರಲ್ಲಿ ಫೋನ್ ಲೈನಿನ ಮೂಲಕ ಯೂನಿಕ್ಸ್ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದ್ದರು. ಲೈನಿನ ಗದ್ದಲದಿಂದ ನುಸುಳಿದ ಅಡ್ಡಾದಿಡ್ಡಿ ಅಕ್ಷರಗಳಿಗೆ ಪ್ರೋಗ್ರಾಮ್‌ಗಳು ಕುಸಿದು ಬೀಳತೊಡಗಿದವು. ಆಮೇಲೆ ವಿದ್ಯಾರ್ಥಿಗಳ ಜೊತೆ ಸೇರಿ ಬೇಕೆಂದೇ ಅಂಥ ಇನ್‌ಪುಟ್ ಉಣಿಸಿ ನೋಡಿದಾಗ, ಯೂನಿಕ್ಸಿನ ಸಾಮಾನ್ಯ ಪ್ರೋಗ್ರಾಮ್‌ಗಳಲ್ಲಿ ಸುಮಾರು ಕಾಲುಭಾಗದಿಂದ ಮೂರನೇ ಒಂದು ಭಾಗದವರೆಗೆ ಕೆಟ್ಟು ನಿಂತವು. 1990ರಲ್ಲಿ ಪ್ರಕಟವಾದ ಈ ಅಧ್ಯಯನದಿಂದ ‘ಫಝಿಂಗ್’ ಎಂಬ ಪರೀಕ್ಷಾ ವಿಧಾನ ಬೆಳೆಯಿತು.

ಮಿಂಚಿನ ಗದ್ದಲವನ್ನು ಮತ್ತೆ ಹಾಗೇ ಬರಿಸಲಾಗದು. ಪ್ರೋಗ್ರಾಮ್ ಹುಟ್ಟಿಸುವ ರ‍್ಯಾಂಡಮ್ ಸಂಖ್ಯೆಗಳನ್ನು ಬರಿಸಬಹುದು, ಏಕೆಂದರೆ ಅವು ಶುದ್ಧ ಲೆಕ್ಕ. ಪಾರ್ಕ್ ಮತ್ತು ಮಿಲ್ಲರ್ ಎಂಬಿಬ್ಬರು 1988ರಲ್ಲೇ ಸೂಚಿಸಿದ ಸರಳ ಸೂತ್ರವನ್ನು ನೋಡಿ. (ಈ ಮಿಲ್ಲರ್ ಬೇರೆಯವರು.) ಕೈಲಿರುವ ಸಂಖ್ಯೆಯನ್ನು 16807ರಿಂದ ಗುಣಿಸಿ, 2147483647ರಿಂದ ಭಾಗಿಸಿ, ಶೇಷವನ್ನು ಇಟ್ಟುಕೊಳ್ಳಿ. ಅದೇ ಮುಂದಿನ ಸಂಖ್ಯೆ. 1ರಿಂದ ಹೊರಟರೆ 16807, ನಂತರ 282475249, ಆಮೇಲೆ 1622650073. ನೋಡಲು ಚೆಲ್ಲಾಪಿಲ್ಲಿ, ಆದರೆ ಯಾವ ದೇಶದ ಯಾವ ಯಂತ್ರದಲ್ಲಿ ಮಾಡಿದರೂ ಹತ್ತು ಸಾವಿರನೆಯದು 1043618065 ಆಗಲೇಬೇಕು. ಸಿ++ ಭಾಷೆಯ ಮಾನಕದಲ್ಲೇ ಈ ಸಂಖ್ಯೆ ನಮೂದಾಗಿದೆ. ಹೊರಟ ಆ 1, ಅದೇ ಸೀಡ್.

ಹಾಗಾದರೆ ಸೀಡನ್ನು ಕಾಯಂ ಮಾಡಿಬಿಟ್ಟರಾಯಿತಲ್ಲ? ಅದು ಪ್ರತಿವರ್ಷ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು ಪರೀಕ್ಷೆ ನಡೆಸಿದಂತೆ. ಫಲಿತಾಂಶ ಚೆನ್ನಾಗಿರುತ್ತದೆ, ಹೊಸ ತಪ್ಪು ಸಿಗುವುದಿಲ್ಲ. ಪ್ರತಿ ಓಟಕ್ಕೂ ಹೊಸ ಸೀಡ್ ಆರಿಸಿ, ಅದನ್ನು ಲಾಗ್‌ನಲ್ಲಿ ಮುದ್ರಿಸಿ, ಬೇಕೆಂದಾಗ ಅದೇ ಸೀಡ್ ಕೊಟ್ಟು ಓಡಿಸಲು ಅವಕಾಶವಿಡುವುದು ಸರಿಯಾದ ಕ್ರಮ. ರೂಬಿ ಭಾಷೆಯ ಟೆಸ್ಟ್ ಸಾಧನವಾದ ಆರ್‌ಸ್ಪೆಕ್ ಹೀಗೇ ಮಾಡುತ್ತದೆ: ಟೆಸ್ಟ್‌ಗಳ ಸರದಿಯನ್ನು ರ‍್ಯಾಂಡಮ್ ಆಗಿ ಕಲಸಿದಾಗ ಬಳಸಿದ ಸೀಡನ್ನು ತೋರಿಸುತ್ತದೆ. ಅದನ್ನೇ ವಾಪಸ್ ಕೊಟ್ಟರೆ ಅದೇ ಸರದಿ.

ಸೀಡ್ ಇದ್ದರೂ ಕೆಲವೊಮ್ಮೆ ಬಗ್ ಮರುಕಳಿಸುವುದಿಲ್ಲ. ಎಲ್ಲ ಟೆಸ್ಟ್‌ಗಳೂ ಒಂದೇ ಜನರೇಟರಿನಿಂದ (ರ‍್ಯಾಂಡಮ್ ಸಂಖ್ಯೆ ಹುಟ್ಟಿಸುವ ಕೋಡಿನಿಂದ) ಸಂಖ್ಯೆ ಎಳೆಯುತ್ತಿದ್ದರೆ, ನಡುವೆ ಯಾರೋ ಒಂದು ಸಂಖ್ಯೆ ಹೆಚ್ಚು ಎಳೆದರೂ ಮುಂದಿನವರ ಪಾಲೆಲ್ಲ ಬದಲಾಗುತ್ತದೆ. ಏಕಕಾಲಕ್ಕೆ ಓಡುವ ಥ್ರೆಡ್‌ಗಳಿದ್ದರೆ ಯಾರು ಮೊದಲು ಎಳೆಯುತ್ತಾರೆಂಬ ಖಾತ್ರಿಯೂ ಇಲ್ಲ. ಆದ್ದರಿಂದ ಪ್ರತಿ ಟೆಸ್ಟಿಗೂ ತನ್ನದೇ ಜನರೇಟರ್ ಇರಲಿ. ಲೈಬ್ರರಿಯ ಹೊಸ ಆವೃತ್ತಿ ಬಂದಾಗ ಹಳೆಯ ಸೀಡ್ ಬೇರೆ ಸಂಖ್ಯೆಗಳನ್ನೇ ಕೊಡಬಹುದು. ಹಾಗಾಗಿ ಬಗ್ ಹಿಡಿದ ಕೂಡಲೇ ಆ ಇನ್‌ಪುಟ್ಟನ್ನೇ ಪ್ರತ್ಯೇಕ ಕಾಯಂ ಟೆಸ್ಟ್ ಮಾಡಿಟ್ಟುಕೊಳ್ಳಬೇಕು.

ಸೀಡ್ ಮುದ್ರಿಸಲು ಸಾಮಾನ್ಯವಾಗಿ ಒಂದೇ ಸಾಲಿನ ಕೋಡ್ ಸಾಕು. ನಿಮ್ಮ ಪ್ರಾಜೆಕ್ಟಿನಲ್ಲಿ ಆ ಸಾಲು ಇಲ್ಲದಿದ್ದರೆ ಇವತ್ತೇ ಸೇರಿಸಿ.