ನಗರದಂಚಿನ ನಿವೇಶನದ ಮೌಲ್ಯ: ಕೊಳ್ಳುವ ಮುನ್ನ ಮಾಡಬೇಕಾದ ಲೆಕ್ಕ

ವಿಜಯನಗರದ ಮಗ್ಗುಲಿನ ಹೊಸಹಳ್ಳಿ ಇಂದು ಹೆಸರಿನಲ್ಲಿ ಮಾತ್ರ ಹಳ್ಳಿ. 2015ರಲ್ಲಿ ನಮ್ಮ ಮೆಟ್ರೋದ ನೇರಳೆ ಮಾರ್ಗದಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆವರೆಗಿನ ಭಾಗ ಆರಂಭವಾದಾಗ ಅಲ್ಲಿಯೂ ಒಂದು ನಿಲ್ದಾಣ ತೆರೆಯಿತು. ಕೆಂಗೇರಿ, ತಾವರೆಕೆರೆ, ಮಾಗಡಿ ರಸ್ತೆಯ ಆಸುಪಾಸಿನಲ್ಲಿ ನಿವೇಶನ ಮಾರುವವರು ಇಂತಹ ಊರುಗಳನ್ನೇ ನಿದರ್ಶನವಾಗಿ ತೋರಿಸುವುದು ವಾಡಿಕೆ. ನಾಳೆ ಇಲ್ಲಿಯೂ ಹಾಗೆಯೇ ಆಗುವುದೆಂಬ ಮಾತು ಪೂರ್ತಿ ಸುಳ್ಳಲ್ಲ. ಆದರೆ ನಾಳೆಯ ಬೆಲೆಯನ್ನು ಇಂದೇ ತೆತ್ತವರಿಗೆ ಏನು ಉಳಿಯುತ್ತದೆ ಎಂಬುದನ್ನು ಆ ಮಾತು ಹೇಳುವುದಿಲ್ಲ. ಒಂದು ಸಂಸಾರದ ಜೀವಮಾನದ ಉಳಿತಾಯ 30×40 ಅಡಿ ನೆಲದ ಮೇಲೆ ನಿಲ್ಲುವಾಗ, ಆ ನೆಲದ ಮೌಲ್ಯವನ್ನು ಕೊಳ್ಳುವವರೇ ಲೆಕ್ಕ ಹಾಕಿ ತಿಳಿಯುವುದು ಅವಶ್ಯಕ.

1. ಮಾರ್ಗಸೂಚಿ ಬೆಲೆಯ ಮಿತಿ

ನೋಂದಣಿ ಮತ್ತು ಮುದ್ರಾಂಕ ಇಲಾಖೆಯು ಪ್ರಕಟಿಸುವ ಮಾರ್ಗಸೂಚಿ ಬೆಲೆಯನ್ನೇ ಅನೇಕರು ನಿವೇಶನದ ನಿಜವಾದ ಬೆಲೆಯೆಂದು ಭಾವಿಸುತ್ತಾರೆ. ಅದು ಮುದ್ರಾಂಕ ಶುಲ್ಕ ವಿಧಿಸುವುದಕ್ಕೆ ನಿಗದಿಯಾದ ಕನಿಷ್ಠ ಆಧಾರ ಮಾತ್ರ. ಕ್ರಯದ ಮೊತ್ತ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚಿನ ಮೊತ್ತದ ಮೇಲೆಯೇ ಶುಲ್ಕ ಸಲ್ಲಬೇಕು. ನಿರ್ದಿಷ್ಟ ನಿವೇಶನದ ಹಕ್ಕು ಶುದ್ಧವಾಗಿದೆಯೇ, ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತದೆಯೇ ಎಂಬುದಕ್ಕೆ ಮಾರ್ಗಸೂಚಿ ಬೆಲೆ ಸಾಕ್ಷಿಯಾಗದು.

ಅಕ್ಕಪಕ್ಕದ ನಿವೇಶನಗಳು ಇತ್ತೀಚೆಗೆ ಯಾವ ಮೊತ್ತಕ್ಕೆ ನೋಂದಣಿಯಾಗಿವೆ ಎಂಬುದನ್ನು ಋಣಭಾರ ಪ್ರಮಾಣಪತ್ರದಿಂದ ತಿಳಿಯಬಹುದು. ಮಧ್ಯವರ್ತಿ ಹೇಳುವ ದರಕ್ಕಿಂತ ಇದು ಹೆಚ್ಚು ನಂಬಲರ್ಹ. ಆದರೂ ಪತ್ರದಲ್ಲಿ ನಮೂದಾದ ಮೊತ್ತ ಕೆಲವೊಮ್ಮೆ ನಿಜವಾಗಿ ಕೈ ಬದಲಾದ ಮೊತ್ತಕ್ಕಿಂತ ಕಡಿಮೆಯಿರುವ ಸಂಭವವುಂಟು. ಆದುದರಿಂದ ಒಂದೇ ವಹಿವಾಟನ್ನು ನೆಚ್ಚದೆ ಮೂರು ನಾಲ್ಕನ್ನು ಹೋಲಿಸತಕ್ಕದ್ದು.

2. ದಾಖಲೆಯೇ ಬೆಲೆಯ ಬುನಾದಿ

ಒಂದೇ ರಸ್ತೆಯ ಎರಡು ನಿವೇಶನಗಳ ದರದಲ್ಲಿ ದೊಡ್ಡ ಅಂತರವಿದ್ದರೆ ಕಾರಣ ಬಹುತೇಕ ದಾಖಲೆಯಲ್ಲಿರುತ್ತದೆ. ಆದುದರಿಂದ ದರವನ್ನು ಹೋಲಿಸುವ ಮುನ್ನ ಕೆಳಗಿನ ಅಂಶಗಳನ್ನು ಪರಿಶೀಲಿಸತಕ್ಕದ್ದು:

ಅ) ಜಮೀನು 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 95ನೇ ಪ್ರಕರಣದನ್ವಯ ವಸತಿ ಉದ್ದೇಶಕ್ಕೆ ಪರಿವರ್ತನೆಯಾಗಿದೆಯೇ, ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಇದೆಯೇ. ಪರಿವರ್ತನೆ ಮತ್ತು ನಕ್ಷೆ ಅನುಮೋದನೆ ಬೇರೆ ಬೇರೆ. ಒಂದಿದ್ದ ಮಾತ್ರಕ್ಕೆ ಇನ್ನೊಂದು ಇದೆಯೆಂದಾಗದು.

ಆ) ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ-9 ಮತ್ತು 11ಎ ಇವೆಯೇ ಅಥವಾ ನಮೂನೆ-11ಬಿ ಇದೆಯೇ. ನಮೂನೆ-11ಬಿ ದೊರೆತುದರಿಂದ ಬಡಾವಣೆಗೆ ಅನುಮೋದನೆ ದೊರೆತಂತಲ್ಲ. ಖಾತೆಯಾಗಲಿ ತೆರಿಗೆ ರಸೀದಿಯಾಗಲಿ ಮಾಲೀಕತ್ವದ ಪತ್ರವೂ ಅಲ್ಲ.

ಇ) ಮೂಲ ಜಮೀನು ಮಂಜೂರಾತಿಯ ಜಮೀನೇ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನನ್ನು 1978ರ ಪರಭಾರೆ ನಿಷೇಧ ಅಧಿನಿಯಮವನ್ನು ಉಲ್ಲಂಘಿಸಿ ಕೊಂಡಿದ್ದರೆ ಆ ಕ್ರಯ ಅಸಿಂಧು.

ಈ) ನಿವೇಶನದ ಸಂಖ್ಯೆಗೆ ಮಾತ್ರವಲ್ಲದೆ ಮೂಲ ಸರ್ವೆ ನಂಬರಿಗೂ ಋಣಭಾರ ಪ್ರಮಾಣಪತ್ರ ಪಡೆಯಲಾಗಿದೆಯೇ. ಬಡಾವಣೆಯಾಗುವ ಮುನ್ನ ಜಮೀನಿನ ಮೇಲಿದ್ದ ಸಾಲ, ವಿಭಾಗ, ವ್ಯಾಜ್ಯಗಳ ಸುಳಿವು ಅಲ್ಲಿ ಸಿಗುತ್ತದೆ.

ಉ) ಮಾರಾಟ ನೋಂದಾಯಿತ ಕ್ರಯಪತ್ರದ ಮೂಲಕವೇ ನಡೆಯುತ್ತದೆಯೇ. ಕೇವಲ ಸಾಮಾನ್ಯ ಅಧಿಕಾರ ಪತ್ರದಿಂದ ಮಾಲೀಕತ್ವ ವರ್ಗವಾಗದೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿಯೇ ಸ್ಪಷ್ಟಪಡಿಸಿದೆ.

500 ಚದರ ಮೀಟರ್‌ ಮೀರಿದ ಅಥವಾ 8ಕ್ಕಿಂತ ಹೆಚ್ಚು ನಿವೇಶನಗಳುಳ್ಳ ಬಡಾವಣೆ ರೇರಾ ಪ್ರಾಧಿಕಾರದಲ್ಲಿ ನೋಂದಣಿಯಾಗಿರಬೇಕು. ಅಂತಹ ಯೋಜನೆಯಲ್ಲಿ ನೋಂದಾಯಿತ ಕರಾರಿಲ್ಲದೆ ಶೇ. 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ.

ಇವುಗಳಲ್ಲಿ ಹಕ್ಕಿಗೆ ಸಂಬಂಧಿಸಿದ ದೋಷವಿದ್ದರೆ ಬೆಲೆ ಇಳಿಸಿ ಕೊಳ್ಳುವ ಮಾತೇ ಬರಬಾರದು. ಕಟ್ಟಡ ಪರವಾನಗಿ, ಬ್ಯಾಂಕ್ ಸಾಲ, ಮರುಮಾರಾಟ ಮೂರಕ್ಕೂ ತೊಡಕಾಗುವ ನಿವೇಶನ ಎಷ್ಟು ಅಗ್ಗವಾದರೂ ದುಬಾರಿಯೇ.

3. ನೆಲದ ಲೆಕ್ಕ

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 2015ರ ಪರಿಷ್ಕೃತ ಮಹಾಯೋಜನೆಯು ರಾಜಕಾಲುವೆಯ ಮಧ್ಯರೇಖೆಯಿಂದ, ಅದರ ದರ್ಜೆಗೆ ಅನುಗುಣವಾಗಿ, 50, 25 ಮತ್ತು 15 ಮೀಟರ್ ಮೀಸಲು ವಲಯ ಗುರುತಿಸಿದೆ. ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನ ಪ್ರದೇಶಕ್ಕೆ ಪ್ರತ್ಯೇಕ ನಿರ್ಬಂಧಗಳಿವೆ. ಇವುಗಳ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು.

ಅನುಮೋದಿತ ಬಡಾವಣೆಯೊಂದರಲ್ಲಿ 1,200 ಚದರ ಅಡಿಯ ನಿವೇಶನದ ದರ ಚದರ ಅಡಿಗೆ 3,000 ರೂಪಾಯಿ ಎಂದುಕೊಳ್ಳೋಣ. ಬೇರೊಂದು ಕಡೆ ಕಾಲುವೆಯ ಸಮೀಪದ ಅಷ್ಟೇ ಅಳತೆಯ ನಿವೇಶನ 2,700 ರೂಪಾಯಿಗೆ, ಅಂದರೆ ಒಟ್ಟು 32,40,000 ರೂಪಾಯಿಗೆ ಸಿಗುತ್ತದೆ. ಆದರೆ ಅದರ 300 ಚದರ ಅಡಿ ಮೀಸಲು ವಲಯಕ್ಕೆ ಸೇರಿದ್ದರೆ ಬಳಕೆಗೆ ಉಳಿಯುವುದು 900 ಚದರ ಅಡಿ. ನಿಜವಾದ ದರ 3,600 ರೂಪಾಯಿ. ಅಗ್ಗವೆಂದು ಕಂಡದ್ದೇ ಚದರ ಅಡಿಗೆ 600 ರೂಪಾಯಿ ತುಟ್ಟಿಯಾಯಿತು.

ತಗ್ಗಿನ ನಿವೇಶನಕ್ಕೂ ಇದೇ ಕ್ರಮ ಅನ್ವಯಿಸುತ್ತದೆ. ರಸ್ತೆಯ ಮಟ್ಟಕ್ಕಿಂತ 3 ಅಡಿ ತಗ್ಗಿದ್ದರೆ 3,600 ಘನ ಅಡಿ ಮಣ್ಣು ತುಂಬಬೇಕು. ಅದುಮಿ ಗಟ್ಟಿಮಾಡುವಾಗ ಇನ್ನೂ ಹೆಚ್ಚು ಬೇಕಾಗುತ್ತದೆ. ಆ ವೆಚ್ಚವನ್ನು, ಕೊಳವೆಬಾವಿ, ಚರಂಡಿ, ವಿದ್ಯುತ್ ಸಂಪರ್ಕ ಇಲ್ಲದಿದ್ದರೆ ಅವುಗಳ ವೆಚ್ಚವನ್ನೂ ಬೆಲೆಗೆ ಕೂಡಿಸಿಯೇ ಹೋಲಿಸತಕ್ಕದ್ದು. ನಿವೇಶನವನ್ನು ಬೇಸಿಗೆಯಲ್ಲಿ ನೋಡಿದ್ದರೂ ಒಳ್ಳೆಯ ಮಳೆ ಸುರಿದ ಮರುದಿನ ಇನ್ನೊಮ್ಮೆ ನೋಡುವುದು ಲೇಸು.

ಇದಲ್ಲದೆ ಗ್ರಾಮಾಂತರ ಪ್ರದೇಶದಲ್ಲಿ ಶೇ. 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಅಧಿಭಾರ ಮತ್ತು ಉಪಕರ, 2025ರ ಆಗಸ್ಟ್ 31ರಿಂದ ಶೇ. 2ಕ್ಕೆ ಏರಿದ ನೋಂದಣಿ ಶುಲ್ಕ ಸೇರಿ ಒಟ್ಟು ಶೇ. 7.65 ಆಗುತ್ತದೆ. 36,00,000 ರೂಪಾಯಿಯ ನಿವೇಶನಕ್ಕೆ ಇದು 2,75,400 ರೂಪಾಯಿ.

4. ಬರಲಿರುವ ಅನುಕೂಲದ ಬೆಲೆ

ಮೈಸೂರು ರಸ್ತೆಗೆ 2015ರಲ್ಲಿ ಬಂದ ಮೆಟ್ರೋ ಕೆಂಗೇರಿ ತಲುಪಿದ್ದು 2021ರ ಆಗಸ್ಟ್‌ನಲ್ಲಿ. ಅಲ್ಲಿಂದ ಮುಂದಿನ ಚಲ್ಲಘಟ್ಟಕ್ಕೆ ಬಂದದ್ದು 2023ರ ಅಕ್ಟೋಬರ್‌ನಲ್ಲಿ. ಮೆಟ್ರೋ ಬಂದೇ ಬಂದಿತು. ಕಾಯುವಿಕೆಗೂ ಬೆಲೆ ತೆರಬೇಕಾಯಿತು. 30 ಲಕ್ಷ ರೂಪಾಯಿಗೆ ಶೇ. 8ರ ಸರಳ ಬಡ್ಡಿಯಂತೆ 6 ವರ್ಷಕ್ಕೆ 14,40,000 ರೂಪಾಯಿ ಆಗುತ್ತದೆ. ಘೋಷಣೆಯಾದ ರಸ್ತೆ ಅಥವಾ ಮೆಟ್ರೋದ ಲಾಭವನ್ನು ಮಾರುವವರು ಬೆಲೆಯಲ್ಲಿ ಮುಂಚಿತವಾಗಿ ಸೇರಿಸಿದ್ದರೆ ಕಾಯುವ ಭಾರ ಪೂರ್ತಿ ಕೊಂಡವರದೇ. ಆದುದರಿಂದ ಈಗಾಗಲೇ ಇರುವ ರಸ್ತೆ, ನೀರು, ಶಾಲೆ, ಬಸ್ಸುಗಳಿಗೆ ತಕ್ಕ ಬೆಲೆ ಕಟ್ಟುವುದು ಯುಕ್ತ; ಬರಲಿರುವುದು ಬಂದರೆ ಅದು ಕೊಂಡವರ ಲಾಭವಾಗಲಿ.

5. ಮುಂಗಡ ಕೊಡುವ ಮುನ್ನ

ದಾಖಲೆಗಳ ಪ್ರತಿಗಳೊಡನೆ ಸಂಬಂಧಪಟ್ಟ ಗ್ರಾಮ ಪಂಚಾಯಿತಿಗೆ ಬಂದು ನಮೂನೆಗಳನ್ನು ತಾಳೆ ನೋಡಬಹುದು. ಅನುಮೋದಿತ ನಕ್ಷೆಯಲ್ಲಿನ ರಸ್ತೆ ಮತ್ತು ಉದ್ಯಾನದ ಜಾಗವನ್ನು ಪರಿತ್ಯಾಜನಾ ಪತ್ರದ ಮೂಲಕ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಲಾಗಿದೆಯೇ ಎಂಬುದನ್ನೂ ವಿಚಾರಿಸಬಹುದು. ಹಕ್ಕಿನ ಪರಿಶೀಲನೆಗೆ ವಕೀಲರ ಸಲಹೆ, ಅಳತೆಗೆ ಪರವಾನಗಿ ಪಡೆದ ಭೂಮಾಪಕರ ನೆರವು ಪಡೆಯತಕ್ಕದ್ದು. ಇವೆರಡಕ್ಕೂ ತಗಲುವ ಖರ್ಚು ನಿವೇಶನದ ಬೆಲೆಯ ಮುಂದೆ ಅತ್ಯಲ್ಪ. ಇಂದೇ ಮುಂಗಡ ಕೊಡದಿದ್ದರೆ ನಿವೇಶನ ಕೈತಪ್ಪುವುದೆಂದು ಯಾರಾದರೂ ಅವಸರಪಡಿಸಿದರೆ, ಒಂದು ವಾರದ ಪರಿಶೀಲನೆಗೆ ಉಳಿಯದ ನಿವೇಶನ ಕೈತಪ್ಪಿದರೆ ನಷ್ಟವಿಲ್ಲವೆಂದು ತಿಳಿಯುವುದು ಕ್ಷೇಮಕರ.