ವಾಲ್ಯೂಮ್ ಗೆರೆ ಬರುವ ದಾರಿ

ಹಳೆಯ ಡಬ್ಬಾ ಟೀವಿಯಲ್ಲಿ ರಿಮೋಟ್ ಒತ್ತಿ ವಾಲ್ಯೂಮ್ ಏರಿಸಿದರೆ ಪರದೆಯ ಕೆಳಗೆ ಹಸಿರು ಗೆರೆಯೊಂದು ಮೂಡುತ್ತಿತ್ತು. ಹಿಂದೆ ಓಡುತ್ತಿರುವ ಸಿನಿಮಾ ಎಷ್ಟೇ ಮಸುಕಾಗಿರಲಿ, ಆ ಗೆರೆಯ ಅಂಚು ಮಾತ್ರ ಚೊಕ್ಕ. ಇರುವುದು ಒಂದೇ ಪಿಕ್ಚರ್ ಟ್ಯೂಬು, ಆದರೂ ಈ ಭೇದ ಏಕೆ? ಇದು ಅರ್ಥವಾದರೆ, ಹಳೆ ವಿಡಿಯೊ ಗೇಮ್‌ಗಳ ಹುಚ್ಚು ಹತ್ತಿದವರು ಗುಜರಿ ಟೀವಿಯ ಬೆನ್ನು ಬಿಚ್ಚಿ ಏನು ಮಾಡುತ್ತಾರೆಂಬುದೂ ಅರ್ಥವಾಗುತ್ತದೆ.

ಪಿಕ್ಚರ್ ಟ್ಯೂಬಿಗೆ ಗೊತ್ತಿರುವುದು ಕೆಂಪು, ಹಸಿರು, ನೀಲಿ ಮೂರೇ. ಮೂರು ಎಲೆಕ್ಟ್ರಾನ್ ಗನ್‌ಗಳು ಆಯಾ ಬಣ್ಣದ ಫಾಸ್ಫರ್ ಚುಕ್ಕೆಗಳನ್ನು ಬೆಳಗಿಸುತ್ತವೆ. ಗೇಮ್ ಕನ್ಸೋಲಿನೊಳಗೂ ಚಿತ್ರ ಹುಟ್ಟುವುದು ಇದೇ ಮೂರು ಬಣ್ಣಗಳಾಗಿ. ನಡುವಿನ ದಾರಿಯಲ್ಲಿ ಮಾತ್ರ ಎಲ್ಲವೂ ಒಂದೇ ತಂತಿಗೆ, ವಿಡಿಯೊದ ಹಳದಿ ಪಿನ್ನಿಗೆ, ತುರುಕಲ್ಪಡುತ್ತದೆ. ಅನ್ನ, ಸಾರು, ಪಲ್ಯ ಒಂದೇ ಡಬ್ಬಿಗೆ ಸುರಿದು, ಉಣ್ಣುವಾಗ ಬೇರೆ ಮಾಡಿಕೋ ಎಂದ ಹಾಗೆ. ಇದಕ್ಕೆ ಕಾರಣವೂ ಇತ್ತು. 1953ರಲ್ಲಿ ಅಮೆರಿಕ ಬಣ್ಣದ ಪ್ರಸಾರದ ಪದ್ಧತಿಯನ್ನು ಒಪ್ಪಿಕೊಂಡಾಗ ಮನೆಗಳಲ್ಲಿದ್ದ ಕಪ್ಪು-ಬಿಳುಪು ಸೆಟ್ಟುಗಳೂ ಅದೇ ಸಿಗ್ನಲ್ಲಿನಲ್ಲಿ ಚಿತ್ರ ತೋರಿಸಬೇಕಿತ್ತು. ಹಾಗಾಗಿ ಬೆಳಕಿನ ಸಿಗ್ನಲ್ಲಿನ ಒಳಗೇ ಬಣ್ಣವನ್ನು ಅಡಗಿಸಿದರು. 1982ರಲ್ಲಿ ನಮ್ಮ ದೂರದರ್ಶನ ಬಣ್ಣಕ್ಕೆ ತಿರುಗಿದ್ದು ಪಾಲ್ ಪದ್ಧತಿಯಲ್ಲಿ. ಅದರಲ್ಲೂ ಬಣ್ಣ 4.43 ಮೆಗಾಹರ್ಟ್ಸ್ ಅಲೆಯ ಮೇಲೆ ಸವಾರಿ ಮಾಡುತ್ತದೆ.

ಬೆರೆತದ್ದನ್ನು ಟೀವಿ ಪೂರ್ತಿ ಬೇರ್ಪಡಿಸಲಾರದು. ವಾರ್ತೆ ಓದುವವರು ಸಣ್ಣ ಗೆರೆಯ ಅಂಗಿ ತೊಟ್ಟರೆ ಅದರ ಮೇಲೆ ಇಲ್ಲದ ಕಾಮನಬಿಲ್ಲು ಹರಿದಾಡುತ್ತಿದ್ದುದು ಇದರಿಂದಲೇ. ಸಣ್ಣ ಗೆರೆಗಳನ್ನು ಸೆಟ್ಟು ಬಣ್ಣವೆಂದು ತಪ್ಪು ತಿಳಿಯುತ್ತಿತ್ತು. ವಾಲ್ಯೂಮ್ ಗೆರೆಗೆ ಈ ಗೋಜಲೇ ಇಲ್ಲ. ಅದನ್ನು ಬರೆಯುವ ಮೈಕ್ರೊಕಂಟ್ರೋಲರ್ ಚಿಪ್ಪು ಕೆಂಪು, ಹಸಿರು, ನೀಲಿ ಸಿಗ್ನಲ್ಲುಗಳನ್ನು ಬೇರೆ ಬೇರೆ ತಂತಿಯಲ್ಲಿ ಮುಖ್ಯ ವಿಡಿಯೊ ಐಸಿಗೆ ನೇರವಾಗಿ ಕೊಡುತ್ತದೆ. ಮೆಕ್ಯಾನಿಕ್‌ಗಳ ಬಾಯಲ್ಲಿ ಈ ವಿಡಿಯೊ ಐಸಿಯೇ ಜಂಗಲ್ ಐಸಿ.

ಇವುಗಳ ಜೊತೆ ನಾಲ್ಕನೆಯ ತಂತಿಯೂ ಒಂದಿದೆ, ಬ್ಲಾಂಕಿಂಗ್. ಜಾಣತನವೆಲ್ಲ ಇದರಲ್ಲೇ ಇದೆ. ಇದರಲ್ಲಿ ವೋಲ್ಟೇಜ್ ಇಲ್ಲದಾಗ ಐಸಿ ಸಿನಿಮಾ ತೋರಿಸುತ್ತದೆ. ಬಂದ ಕ್ಷಣ ಸಿನಿಮಾ ಬಿಟ್ಟು ಆ ಮೂರು ತಂತಿಗಳಿಗೆ ಕಿವಿಗೊಡುತ್ತದೆ. ಎಲೆಕ್ಟ್ರಾನ್ ಕಿರಣ ಗೆರೆಯ ಎಡ ಅಂಚಿಗೆ ಬಂದಾಗ ಆನ್, ಬಲ ಅಂಚು ದಾಟಿದಾಗ ಆಫ್. ಪರದೆಯಲ್ಲಿ ಸೆಕೆಂಡಿಗೆ 15,625 ಅಡ್ಡಗೆರೆಗಳು ಮೂಡುತ್ತಿರುವಾಗಲೇ ಈ ಅದಲುಬದಲು ನಡೆಯುತ್ತದೆ. ಬ್ಲಾಂಕಿಂಗನ್ನು ಸದಾ ಆನ್ ಇಟ್ಟರೆ? ಇಡೀ ಪರದೆಯೇ ವಾಲ್ಯೂಮ್ ಗೆರೆಯ ದಾರಿಯಿಂದ ತುಂಬುತ್ತದೆ. ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಮಾರ್ಪಾಡೆಂದರೆ ಇಷ್ಟೇ.

ಮೂರು ತಂತಿಗಳಿಗೂ ಕನ್ಸೋಲಿನಿಂದ 0.7 ವೋಲ್ಟಿನ ಸಿಗ್ನಲ್ ಕೊಟ್ಟು, ಪ್ರತಿಯೊಂದಕ್ಕೂ 75 ಓಮ್ ರೆಸಿಸ್ಟರನ್ನು ಗ್ರೌಂಡಿಗೆ ಬೆಸೆಯುತ್ತಾರೆ. ಚಿತ್ರ ಯಾವಾಗ ಶುರು, ಎಲ್ಲಿ ಸಾಲು ಮುಗಿಯಿತು ಎಂಬ ಸಿಂಕ್ ಸೂಚನೆ ಹಳದಿ ಸಾಕೆಟ್ಟಿನಲ್ಲೇ ಹೋಗುತ್ತದೆ. ಹಳೆಯ ಮೆಗಾ ಡ್ರೈವ್, ಸೂಪರ್ ನಿಂಟೆಂಡೊ, ಪ್ಲೇಸ್ಟೇಷನ್‌ಗಳಿಂದ ಆರ್‌ಜಿಬಿ ಹೊರತೆಗೆಯಬಹುದು. ಅಮೆರಿಕದ ಕನ್ಸೋಲನ್ನು ಪಾಲ್ ಮಾತ್ರ ಬಲ್ಲ ಟೀವಿಗೆ ಹಳದಿ ಪಿನ್ನಿನಲ್ಲಿ ಹಾಕಿದರೆ ಕಪ್ಪು-ಬಿಳುಪು ಬರುವ ತೊಂದರೆಯೂ ಇಲ್ಲಿಲ್ಲ, ಬಿಡಿಸಲು ಬಣ್ಣದ ಗೂಢಲಿಪಿಯೇ ಉಳಿದಿರುವುದಿಲ್ಲ.

ಯೂರೋಪಿನವರಿಗೆ ಈ ಕಸರತ್ತು ಅಷ್ಟಾಗಿ ಬೇಕಿಲ್ಲ. ಫ್ರಾನ್ಸಿನಲ್ಲಿ ಹುಟ್ಟಿದ 21 ಪಿನ್ನಿನ ಸ್ಕಾರ್ಟ್ ಸಾಕೆಟ್ ಅಲ್ಲಿನ ಹಳೆಯ ಸೆಟ್ಟುಗಳಲ್ಲಿ ಸಾಮಾನ್ಯ, ಅನೇಕವುಗಳಲ್ಲಿ ಆರ್‌ಜಿಬಿಯೂ ಬ್ಲಾಂಕಿಂಗೂ ಅದರಲ್ಲೇ ಸಿಗುತ್ತವೆ. ಅಮೆರಿಕದ ಸೆಟ್ಟುಗಳಿಗೂ ನಮ್ಮವಕ್ಕೂ ಆ ಭಾಗ್ಯ ಇರಲಿಲ್ಲ.

ಬೆಸುಗೆ ಕಲಿಯಲು ಮಾತ್ರ ಇದು ಸರಿಯಾದ ಜಾಗವಲ್ಲ. ಟ್ಯೂಬಿನ ಬದಿಯ ರಬ್ಬರ್ ಟೊಪ್ಪಿಯ ಕೆಳಗೆ ಸುಮಾರು 25,000 ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿಯಬಹುದು. ಪವರ್ ಸಪ್ಲೈಯ ದಪ್ಪ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೇಲೆ. ನನ್ನ ಮಟ್ಟಿಗೆ ಹೆಚ್ಚು ಹೆದರಬೇಕಾದದ್ದು ಇದಕ್ಕೇ. ಕೆಲವು ಹಳೆ ಸೆಟ್ಟುಗಳಲ್ಲಂತೂ ಚಾಸಿಸ್ಸೇ ಮನೆಯ ಕರೆಂಟಿಗೆ ನೇರ ತಗುಲಿಕೊಂಡಿರುತ್ತದೆ. ಅಂಥದ್ದಕ್ಕೆ ಕನ್ಸೋಲ್ ಜೋಡಿಸುವ ಮಾತೇ ಬೇಡ. ಕಂಪನಿಯಿಂದಲೇ ಎವಿ ಸಾಕೆಟ್ ಬಂದ ಸೆಟ್ಟನ್ನೇ ಆರಿಸಬೇಕು.

ಹಾಗೆ ಆರಿಸಿದ್ದೆಲ್ಲವೂ ಒಗ್ಗುವುದಿಲ್ಲ. ಕೊನೆಕೊನೆಯ ಸೆಟ್ಟುಗಳಲ್ಲಿ ಮೈಕ್ರೊಕಂಟ್ರೋಲರೂ ಜಂಗಲ್ ಐಸಿಯೂ ಒಂದೇ ಚಿಪ್ಪಿನೊಳಗೆ ಸೇರಿಕೊಂಡವು, ವಾಲ್ಯೂಮ್ ಗೆರೆಯ ತಂತಿಗಳು ಹೊರಗೆ ಕಾಣುವುದೇ ಇಲ್ಲ. ಇಂಥ ಕೆಲವು ಚಿಪ್ಪುಗಳಲ್ಲಿ ಹೊರಗಿನ ಆರ್‌ಜಿಬಿಗೆಂದೇ ಬೇರೆ ಕಾಲುಗಳಿವೆ, ಕೆಲವಲ್ಲಿ ಇಲ್ಲ. ಗುಜರಿಯವನಿಗೆ ದುಡ್ಡು ಕೊಡುವ ಮುಂಚೆ ಹಿಂಬದಿ ಬಿಚ್ಚಿಸಿ, ಐಸಿಯ ನಂಬರ್ ಬರೆದುಕೊಂಡು ಅದರ ಡೇಟಾಶೀಟ್ ನೋಡುವುದು ಲೇಸು.