ಸದಕ ಗೋಧಿ, ನವಣೆ ಮತ್ತು ಹಣ್ಣು: ಮನೆಯಲ್ಲೇ ಪುಷ್ಟಿಕರ ವಾಫಲ್, ಪಡ್ಡು

ಗದಗ-ಬೆಟಗೇರಿಯ ಪೇಟೆಗೆ ಜೋಳ, ಹೆಸರು, ಕಡಲೆ ಚೀಲಗಳನ್ನು ಸಾಗಿಸಿದ ಗಾಡಿಗಳು ಊರಿಗೆ ಬರಿದಾಗಿ ಮರಳುವುದಿಲ್ಲ. ಬಿಸ್ಕೀಟು, ಬ್ರೆಡ್ಡು, ಖಾರಿ, ಮೈದಾ ಪೊಟ್ಟಣಗಳು ಅದೇ ಗಾಡಿಗಳಲ್ಲಿ ಮನೆ ಸೇರುತ್ತವೆ. ಹೀಗೆ ಹೊಲದಲ್ಲಿ ಬೆಳೆದ ಗಟ್ಟಿ ಕಾಳು ಪೇಟೆಗೆ ಹೋಗಿ, ತವುಡು ಮೊಳಕೆ ಕಳೆದುಕೊಂಡ ಬಿಳಿ ಹಿಟ್ಟು ಅದರ ಬದಲಿಗೆ ಮನೆಗೆ ಬರುತ್ತದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ಅನೇಕ ರೈತ ಕುಟುಂಬಗಳಲ್ಲಿ ಮಕ್ಕಳ ಬೆಳಗಿನ ಉಪಾಹಾರ ಈಗ ಚಹಾ ಮತ್ತು ಬಿಸ್ಕೀಟಿಗೆ ಬಂದು ನಿಂತಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸುಮಾರು ಅರ್ಧದಷ್ಟು ಹೆಂಗಸರಿಗೂ, 5 ವರ್ಷದೊಳಗಿನ ಮೂವರು ಮಕ್ಕಳಲ್ಲಿ ಸುಮಾರು ಇಬ್ಬರಿಗೂ ರಕ್ತಹೀನತೆ ಇದೆ. ಕಾಳು ಬೆಳೆಯುವ ನಾಡಿನಲ್ಲಿ ಇದು ಯೋಚಿಸಬೇಕಾದ ಸಂಗತಿ.

ರೊಟ್ಟಿ, ಹುಗ್ಗಿ, ಮಾದಲಿ ಎಂದರೆ ಮುಖ ತಿರುಗಿಸುವ ಮಕ್ಕಳು ಹೊಸ ಆಕಾರದ ತಿನಿಸನ್ನು ಇಷ್ಟಪಟ್ಟು ತಿನ್ನುತ್ತಾರೆ. ಪಟ್ಟಣಗಳ ಅಂಗಡಿಗಳಲ್ಲಿ ಇತ್ತೀಚೆಗೆ ಬಂದಿರುವ ವಾಫಲ್ ಅಂಥ ತಿನಿಸುಗಳಲ್ಲಿ ಒಂದು. ಅಂಗಡಿಯ ವಾಫಲನ್ನು ಸಾಮಾನ್ಯವಾಗಿ ಮೈದಾ, ಸಕ್ಕರೆ, ಬೆಣ್ಣೆಗಳಿಂದ ಮಾಡಿ ಮೇಲೆ ಚಾಕೊಲೇಟ್ ಸುರಿಯುತ್ತಾರೆ. ಆದರೆ ಅದನ್ನೇ ಮನೆಯ ಗೋಧಿ, ನವಣೆ, ಮೊಸರು ಮತ್ತು ಆಯಾ ಋತುವಿನ ಹಣ್ಣುಗಳಿಂದ ಮಾಡಿದರೆ ಒಳ್ಳೆಯ ಉಪಾಹಾರವಾಗುತ್ತದೆ. ವಾಫಲ್ ಯಂತ್ರವಿಲ್ಲದವರು ಅದೇ ಹಿಟ್ಟನ್ನು ಪಡ್ಡಿನ ಹಂಚಿನಲ್ಲಿ ಹೊಯ್ಯಬಹುದು.

ವಾಫಲ್ ಎಂದರೇನು?

ಕಾದ ಎರಡು ಕಬ್ಬಿಣದ ತಟ್ಟೆಗಳ ನಡುವೆ ತೆಳುವಾದ ಹಿಟ್ಟನ್ನು ಹೊಯ್ದು, ಒತ್ತಿ ಬೇಯಿಸಿದ ತಿನಿಸೇ ವಾಫಲ್. ತಟ್ಟೆಗಳ ಮೇಲಿನ ಚೌಕಗಳು ತಿನಿಸಿನ ಮೇಲೆ ಗುಳಿಗಳಾಗಿ ಮೂಡುತ್ತವೆ. ಮಧ್ಯಯುಗದಿಂದಲೂ ಯುರೋಪಿನಲ್ಲಿ ಇದು ಬಳಕೆಯಲ್ಲಿದೆ. ಒಲೆಯ ಮೇಲಿಟ್ಟು ತಿರುಗಿಸುವ ವಾಫಲ್ ಹಂಚಿಗೆ ಅಮೆರಿಕದಲ್ಲಿ 1869ರಲ್ಲಿ ಪೇಟೆಂಟ್ ದೊರೆಯಿತು. ವಿದ್ಯುತ್ ಯಂತ್ರಗಳು ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ.

ಇದರ ತತ್ವ ಸರಳವಾದುದು. ಹಿಟ್ಟು ಎರಡೂ ಬದಿಯಿಂದ ಒಮ್ಮೆಲೇ ಕಾಯುವುದರಿಂದ ಅದರಲ್ಲಿರುವ ನೀರು ಹಬೆಯಾಗಿ ಉಬ್ಬಿ ಒಳಭಾಗವನ್ನು ಮೆತ್ತಗಾಗಿಸುತ್ತದೆ. ಲೋಹಕ್ಕೆ ತಗಲಿದ ಹೊರಭಾಗ ಒಣಗಿ ಕೆಂಪಾಗಿ ಗರಿಗರಿಯಾಗುತ್ತದೆ. ಪಡ್ಡು ಬೇಯುವ ರೀತಿಯೂ ಬಹುಮಟ್ಟಿಗೆ ಇದೇ. ವ್ಯತ್ಯಾಸವೆಂದರೆ ಪಡ್ಡನ್ನು ಕೈಯಿಂದ ಮಗುಚಬೇಕು.

ಇಡೀ ಕಾಳಿನ ಹಿಟ್ಟೇ ಏಕೆ?

ಗೋಧಿ ಕಾಳಿನಲ್ಲಿ ಹೊರಗಿನ ತವುಡು, ಮೊಳಕೆಯ ಭಾಗ ಮತ್ತು ಒಳಗಿನ ಪಿಷ್ಟ ಎಂದು ಮೂರು ಭಾಗಗಳಿವೆ. ನಾರು, ಕಬ್ಬಿಣ ಮತ್ತು ಬಿ ಗುಂಪಿನ ಜೀವಸತ್ವಗಳು ಮೊದಲೆರಡು ಭಾಗಗಳಲ್ಲಿ ಹೆಚ್ಚಾಗಿರುತ್ತವೆ. ಮೈದಾ ಮಾಡುವಾಗ ಈ ಎರಡನ್ನೂ ತೆಗೆದುಹಾಕುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಬಹುಕಾಲ ಪ್ರಕಟಿಸುತ್ತ ಬಂದ ಕೋಷ್ಟಕದಲ್ಲಿ 100 ಗ್ರಾಂ ಹಿಟ್ಟಿನ ಲೆಕ್ಕ ಹೀಗಿದೆ:

ಮೈದಾ: ನಾರು 0.3 ಗ್ರಾಂ, ಕಬ್ಬಿಣ 2.7 ಮಿ.ಗ್ರಾಂ
ಇಡೀ ಗೋಧಿ ಹಿಟ್ಟು: ನಾರು 1.9 ಗ್ರಾಂ, ಕಬ್ಬಿಣ 4.9 ಮಿ.ಗ್ರಾಂ
ಜೋಳ: ನಾರು 1.6 ಗ್ರಾಂ, ಕಬ್ಬಿಣ 4.1 ಮಿ.ಗ್ರಾಂ

ಹೊಸ ವಿಧಾನದಿಂದ ಅಳೆದಾಗ ನಾರಿನ ಅಂಕಿಗಳು ಇವಕ್ಕಿಂತ ಹೆಚ್ಚು ಬರುತ್ತವೆ. ಆದರೆ ಮೈದಾದ ಸ್ಥಾನ ಕೆಳಗೇ ಉಳಿಯುತ್ತದೆ. ಸಸಾರಜನಕದಲ್ಲಿ ಮೈದಾಕ್ಕೂ ಗೋಧಿ ಹಿಟ್ಟಿಗೂ ಹೆಚ್ಚಿನ ಅಂತರವಿಲ್ಲ. ಮೈದಾದಿಂದ ಆಗುವ ನಷ್ಟ ಮುಖ್ಯವಾಗಿ ನಾರು, ಖನಿಜ ಮತ್ತು ಜೀವಸತ್ವಗಳದು.

ಜಿಲ್ಲೆಯ ಧಾನ್ಯಗಳಲ್ಲಿ ಯಾವುದು ಸೂಕ್ತ?

ಸದಕ ಗೋಧಿ: ಖಪ್ಲಿ ಎಂದೂ, ಜವೆ ಗೋಧಿ ಎಂದೂ ಇದನ್ನು ಕರೆಯುತ್ತಾರೆ. ಒಕ್ಕಿದ ಮೇಲೂ ಇದರ ಕಾಳು ಹೊಟ್ಟಿನೊಳಗೇ ಉಳಿಯುತ್ತದೆ, ಆದುದರಿಂದ ಹೊಟ್ಟು ಬಿಡಿಸಿ ಬೀಸಬೇಕು. ಹುಗ್ಗಿ, ಮಾದಲಿ, ಶಾವಿಗೆಗಳಿಗೆ ಹಿರಿಯರು ಇದನ್ನೇ ಆರಿಸುತ್ತಿದ್ದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಈ ಗೋಧಿಯಲ್ಲಿ ಗಿಡ್ಡ ತಳಿಗಳಾದ ಡಿ.ಡಿ.ಕೆ. 1025, ಡಿ.ಡಿ.ಕೆ. 1029 ಮೊದಲಾದವುಗಳನ್ನು ನೀಡಿದೆ. ಇದರಲ್ಲಿಯೂ ಗೋಧಿಯ ಅಂಟು ಇರುವುದರಿಂದ ಹಿಟ್ಟು ಕೂಡಿಕೊಳ್ಳುತ್ತದೆ.

ನವಣೆ: ಹತ್ತಿಯ ಸಾಲುಗಳ ನಡುವೆ ನವಣೆ ಬಿತ್ತುವ ಪದ್ಧತಿ ಈ ಭಾಗಕ್ಕೆ ಹೊಸದಲ್ಲ. ಅದೇ ಕೋಷ್ಟಕದಂತೆ 100 ಗ್ರಾಂ ನವಣೆಯಲ್ಲಿ 12.3 ಗ್ರಾಂ ಸಸಾರಜನಕವಿದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇರುವುದು 6.8 ಗ್ರಾಂ ಮಾತ್ರ. ನವಣೆಯಲ್ಲಿ ಅಂಟು ಇಲ್ಲದಿರುವುದರಿಂದ ಬರೀ ನವಣೆ ಹಿಟ್ಟಿನ ವಾಫಲ್ ಮುರಿಯುತ್ತದೆ. ಒಟ್ಟು ಹಿಟ್ಟಿನಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಹಾಕದಿದ್ದರೆ ಒಳ್ಳೆಯದು.

ಬಿಳಿಜೋಳ: ನವಣೆ ಸಿಗದಾಗ ಅಷ್ಟೇ ಪ್ರಮಾಣದ ಹಿಂಗಾರಿ ಜೋಳದ ಹಿಟ್ಟು ಹಾಕಬಹುದು. ವಾಫಲ್ ಸ್ವಲ್ಪ ಬಿರುಸಾಗುತ್ತದೆ, ರುಚಿ ಕೆಡುವುದಿಲ್ಲ.

ಕಡಲೆ ಅಥವಾ ಹೆಸರು: ಹತ್ತನೆಯ ಒಂದು ಭಾಗ ಬೇಳೆಹಿಟ್ಟು ಸೇರಿಸಿದರೆ ಸಸಾರಜನಕದ ಗುಣಮಟ್ಟ ಹೆಚ್ಚುತ್ತದೆ. ಏಕದಳ ಧಾನ್ಯಗಳಲ್ಲಿ ಕಡಿಮೆ ಇರುವ ಲೈಸಿನ್ ಅಂಶ ದ್ವಿದಳಗಳಲ್ಲಿ ಧಾರಾಳವಾಗಿದೆ.

ನವಣೆಯ ಮತ್ತು ಇಡೀ ಗೋಧಿಯ ಹಿಟ್ಟು ಬೇಗ ಕಮಟಾಗುತ್ತದೆ. ಮೊಳಕೆಯಲ್ಲಿರುವ ಎಣ್ಣೆ ಗಾಳಿಗೆ ಕೆಡುವುದೇ ಇದಕ್ಕೆ ಕಾರಣ. ಆದುದರಿಂದ ಗಿರಣಿಯಲ್ಲಿ ಒಮ್ಮೆಗೆ 10-15 ದಿನಕ್ಕೆ ಸಾಕಾಗುವಷ್ಟನ್ನು ಮಾತ್ರ ಬೀಸಿಸಿ, ಬಿಗಿಯಾದ ಡಬ್ಬಿಯಲ್ಲಿಡಬೇಕು.

ಹಣ್ಣು: ಯಾವುದು, ಯಾವಾಗ?

ಬಾಳೆ ಮತ್ತು ಪಪ್ಪಾಯಿ ವರ್ಷವಿಡೀ ಸಿಗುತ್ತವೆ. ಬೇಸಿಗೆಯಲ್ಲಿ ಮಾವು, ಮುಂಗಾರಿನ ಆರಂಭದಲ್ಲಿ ನೇರಳೆ, ಮಳೆಗಾಲದ ಕೊನೆಗೆ ಸೀತಾಫಲ, ಮಳೆಗಾಲ ಮತ್ತು ಚಳಿಗಾಲದಲ್ಲಿ ಪೇರಲ, ಚಳಿಗಾಲದಲ್ಲಿ ಬಾರಿಹಣ್ಣು ದೊರೆಯುತ್ತವೆ. ಇವುಗಳಲ್ಲಿ ಅನೇಕವು ಹೊಲದ ಬದುವಿನಲ್ಲೇ ಬೆಳೆಯುತ್ತವೆ ಮತ್ತು ಸುಗ್ಗಿಯಲ್ಲಿ ಬೆಲೆಯಿಲ್ಲದೆ ಕೊಳೆಯುತ್ತವೆ.

ಹಣ್ಣುಗಳನ್ನು ಎರಡು ಬಗೆಯಾಗಿ ಬಳಸಬೇಕು. ಚೆನ್ನಾಗಿ ಕಳಿತ ಬಾಳೆಹಣ್ಣನ್ನು ಹಿಸುಕಿ ಹಿಟ್ಟಿಗೇ ಬೆರೆಸಬೇಕು. ಇದರಿಂದ ಸಿಹಿ ಬಂದು ಬೆಲ್ಲ ಕಡಿಮೆ ಸಾಕಾಗುತ್ತದೆ. ಪೇರಲ, ಪಪ್ಪಾಯಿ, ಮಾವುಗಳನ್ನು ಮಾತ್ರ ಬೇಯಿಸದೆ, ಹೆಚ್ಚಿ ಬಿಸಿ ವಾಫಲಿನ ಮೇಲೆ ಹಾಕಬೇಕು. ಸಿ ಜೀವಸತ್ವ ಶಾಖಕ್ಕೆ ನಾಶವಾಗುವುದು ಇದಕ್ಕೆ ಕಾರಣ. 100 ಗ್ರಾಂ ಪೇರಲದಲ್ಲಿ ಸುಮಾರು 212 ಮಿ.ಗ್ರಾಂ, ಪಪ್ಪಾಯಿಯಲ್ಲಿ 57 ಮಿ.ಗ್ರಾಂ ಸಿ ಜೀವಸತ್ವವಿದೆ. ಧಾನ್ಯದ ಕಬ್ಬಿಣ ರಕ್ತಕ್ಕೆ ಸೇರಲು ಈ ಜೀವಸತ್ವ ನೆರವಾಗುತ್ತದೆ. ಹೀಗೆ ಮೇಲಿನ ಹಣ್ಣು ಅಲಂಕಾರಕ್ಕಷ್ಟೇ ಅಲ್ಲ, ಕೆಳಗಿನ ಹಿಟ್ಟಿನ ಕಬ್ಬಿಣವನ್ನು ದಕ್ಕಿಸಿಕೊಡುವ ಕೆಲಸವನ್ನೂ ಮಾಡುತ್ತದೆ.

ಬೇಕಾಗುವ ಸಾಮಗ್ರಿ (ಸುಮಾರು 6 ವಾಫಲಿಗೆ)

ಸದಕ ಗೋಧಿ ಹಿಟ್ಟು, ಜರಡಿ ಹಿಡಿಯದ್ದು: 150 ಗ್ರಾಂ
ನವಣೆ ಹಿಟ್ಟು: 75 ಗ್ರಾಂ
ಕಡಲೆ ಹಿಟ್ಟು: 25 ಗ್ರಾಂ
ಮೊಸರು: 150 ಮಿ.ಲೀ.
ನೀರು: 150ರಿಂದ 200 ಮಿ.ಲೀ.
ಕಳಿತ ಬಾಳೆಹಣ್ಣು: 1
ಪುಡಿ ಬೆಲ್ಲ: 30 ಗ್ರಾಂ
ಶೇಂಗಾ ಎಣ್ಣೆ: 2 ದೊಡ್ಡ ಚಮಚ
ಅಡುಗೆ ಸೋಡಾ: ಕಾಲು ಚಿಕ್ಕ ಚಮಚ
ಉಪ್ಪು, ಏಲಕ್ಕಿ: ರುಚಿಗೆ ತಕ್ಕಷ್ಟು
ಮೇಲೆ ಹಾಕಲು: ಹೆಚ್ಚಿದ ಹಣ್ಣು, ಹುರಿದ ಶೇಂಗಾ ಪುಡಿ

ಮಾಡುವ ವಿಧಾನ

1. ರಾತ್ರಿ ಮೂರೂ ಹಿಟ್ಟುಗಳನ್ನು ಮೊಸರು ಮತ್ತು ನೀರಿನಲ್ಲಿ ಗಂಟಿಲ್ಲದಂತೆ ಕಲಸಿ ಮುಚ್ಚಿಡಬೇಕು. ಬೇಸಿಗೆಯಲ್ಲಿ 5-6 ತಾಸು, ಚಳಿಗಾಲದಲ್ಲಿ ಸುಮಾರು 10 ತಾಸು ಸಾಕು.
2. ಬೆಳಿಗ್ಗೆ ಹಿಸುಕಿದ ಬಾಳೆಹಣ್ಣು, ಬೆಲ್ಲ, ಎಣ್ಣೆ, ಉಪ್ಪು, ಏಲಕ್ಕಿ ಸೇರಿಸಬೇಕು. ತವುಡು ರಾತ್ರಿಯೆಲ್ಲ ನೀರು ಹೀರಿರುವುದರಿಂದ ಹಿಟ್ಟು ಗಟ್ಟಿಯಾಗಿದ್ದರೆ ಸ್ವಲ್ಪ ನೀರು ಹಾಕಿ ಪಡ್ಡಿನ ಹಿಟ್ಟಿನ ಹದಕ್ಕೆ ತರಬೇಕು.
3. ಸೋಡಾವನ್ನು ಕೊನೆಯಲ್ಲಿ, ಹೊಯ್ಯುವ ಮುಂಚೆ ಮಾತ್ರ ಬೆರೆಸಬೇಕು.
4. ಯಂತ್ರವನ್ನು ಚೆನ್ನಾಗಿ ಕಾಯಿಸಿ, ಎಣ್ಣೆ ಸವರಿ, ಒಂದು ಸೌಟು ಹಿಟ್ಟು ಹೊಯ್ದು ಮುಚ್ಚಬೇಕು. 4-5 ನಿಮಿಷ ಬೇಕಾಗುತ್ತದೆ. ಅಂಚಿನಿಂದ ಬರುವ ಹಬೆ ಕಡಿಮೆಯಾಗುವವರೆಗೆ ಮುಚ್ಚಳ ತೆರೆಯಬಾರದು, ತೆರೆದರೆ ವಾಫಲ್ ಎರಡಾಗಿ ಸೀಳುತ್ತದೆ.
5. ತೆಗೆದ ವಾಫಲನ್ನು ತಟ್ಟೆಯಲ್ಲಿ ಒಂದರ ಮೇಲೊಂದು ಇಟ್ಟರೆ ಹಬೆಗೆ ಮೆತ್ತಗಾಗುತ್ತದೆ. ಜಾಲರಿಯ ಮೇಲೆ ಬಿಡಿಬಿಡಿಯಾಗಿ ಇಡಬೇಕು.

ಹುಳಿ ಬರಿಸುವುದರ ಲಾಭ

ಇಡೀ ಕಾಳಿನ ಹಿಟ್ಟಿನಲ್ಲಿ ಫೈಟಿಕ್ ಆಮ್ಲ ಎಂಬ ಪದಾರ್ಥವಿದ್ದು, ಅದು ಕಬ್ಬಿಣ ಮತ್ತು ಸತುವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ದಕ್ಕದಂತೆ ಮಾಡುತ್ತದೆ. ಹಿಟ್ಟು ನೆನೆದು ಹುಳಿ ಬಂದಾಗ ಧಾನ್ಯದಲ್ಲೇ ಇರುವ ಕಿಣ್ವವು ಈ ಆಮ್ಲವನ್ನು ಒಡೆಯುತ್ತದೆ. ಆದುದರಿಂದ ಕೂಡಲೇ ಕಲಸಿ ಹೊಯ್ಯುವುದಕ್ಕಿಂತ ರಾತ್ರಿ ಕಲಸಿಡುವುದು ಮೇಲು.

ಸೋಡಾ ಹೆಚ್ಚಾದರೆ ಹಿಟ್ಟು ಕ್ಷಾರವಾಗಿ ಬಿ1 ಜೀವಸತ್ವ ನಾಶವಾಗುತ್ತದೆ, ಸಾಬೂನಿನ ರುಚಿಯೂ ಬರುತ್ತದೆ. ಹುಳಿ ಚೆನ್ನಾಗಿ ಬಂದಿದ್ದರೆ ಸೋಡಾ ಇನ್ನೂ ಕಡಿಮೆ ಹಾಕಬಹುದು. ತಿನ್ನುವಾಗಲೇ ಚಹಾ ಕುಡಿಯುವ ರೂಢಿಯನ್ನು ಬಿಡಬೇಕು. ಚಹಾದ ಒಗರು ಕಬ್ಬಿಣವನ್ನು ಕಟ್ಟಿಹಾಕುವುದರಿಂದ ಒಂದು ತಾಸಿನ ಅಂತರವಿರಲಿ.

ಯಂತ್ರವಿಲ್ಲದವರಿಗೆ ಪಡ್ಡಿನ ಹಂಚು

ವಿದ್ಯುತ್ ವಾಫಲ್ ಯಂತ್ರ ಸಾಮಾನ್ಯವಾಗಿ 700ರಿಂದ 1000 ವಾಟ್ ಎಳೆಯುತ್ತದೆ. ವಿದ್ಯುತ್ ನಂಬಲಾಗದ ಹಳ್ಳಿಗಳಲ್ಲಿ ಇದಕ್ಕಾಗಿ ಹಣ ಹಾಕುವ ಅಗತ್ಯವಿಲ್ಲ. ಮೇಲೆ ಹೇಳಿದ ಹಿಟ್ಟನ್ನೇ ಸ್ವಲ್ಪ ಗಟ್ಟಿಯಾಗಿಟ್ಟುಕೊಂಡು, ಬೀಡಿನ ಪಡ್ಡಿನ ಹಂಚಿನ ಗುಳಿಗಳಿಗೆ ಕೆಲವೇ ಹನಿ ಎಣ್ಣೆ ಬಿಟ್ಟು, ಮುಕ್ಕಾಲು ಭಾಗ ತುಂಬಬೇಕು. ಮುಚ್ಚಿ 3 ನಿಮಿಷ, ಮಗುಚಿ 2 ನಿಮಿಷ ಸಣ್ಣ ಉರಿಯಲ್ಲಿ ಬೇಯಿಸಬೇಕು.

ಗೋಧಿ ಬೇಡವೆನ್ನುವವರು ಎರಡು ಬಟ್ಟಲು ನವಣೆ ಅಕ್ಕಿ, ಅರ್ಧ ಬಟ್ಟಲು ಉದ್ದಿನಬೇಳೆ, ಒಂದು ಚಿಕ್ಕ ಚಮಚ ಮೆಂತ್ಯವನ್ನು 6 ತಾಸು ನೆನೆಸಿ, ರುಬ್ಬಿ, ಹುಳಿ ಬರಿಸಿ ಪಡ್ಡು ಮಾಡಬಹುದು. ಇಲ್ಲಿ ಗೋಧಿಯ ಅಂಟಿನ ಕೆಲಸವನ್ನು ಉದ್ದಿನ ಲೋಳೆ ಮಾಡುತ್ತದೆ.

ಸಾಮಾನ್ಯ ದೋಷಗಳು ಮತ್ತು ಪರಿಹಾರ

ತಟ್ಟೆಗೆ ಅಂಟುವುದು: ಬೆಲ್ಲ ಹೆಚ್ಚಾಗಿದೆ ಅಥವಾ ತಟ್ಟೆ ಸಾಕಷ್ಟು ಕಾದಿಲ್ಲ. ಹಸಿ ಹಣ್ಣಿನ ಹೋಳುಗಳನ್ನು ಹಿಟ್ಟಿಗೆ ಹಾಕಿದರೂ ನೀರು ಬಿಟ್ಟು ಅಂಟುತ್ತದೆ.
ಒಳಗೆ ಹಸಿ, ಹೊರಗೆ ಕರಿ: ಉರಿ ಜಾಸ್ತಿಯಾಗಿದೆ, ಇಲ್ಲವೆ ಸಿಹಿ ಹೆಚ್ಚಾಗಿದೆ.
ಪುಡಿಯಾಗುವುದು: ನವಣೆ ಅಥವಾ ಜೋಳದ ಪ್ರಮಾಣ ಮೀರಿದೆ. ಒಂದು ಮೊಟ್ಟೆ ಸೇರಿಸಿದರೆ ಕೂಡಿಕೊಳ್ಳುತ್ತದೆ. ಮೊಟ್ಟೆ ತಿನ್ನದವರು ಸದಕದ ಪ್ರಮಾಣ ಹೆಚ್ಚಿಸಬೇಕು.
ಗಡುಸಾಗುವುದು: ಹಿಟ್ಟು ನೆನೆದಿಲ್ಲ ಅಥವಾ ನೀರು ಸಾಲದು.

ಎಚ್ಚರಿಕೆಯ ಮಾತು

ಪುಷ್ಟಿಕರವೆಂದ ಮಾತ್ರಕ್ಕೆ ಮಿತಿಯಿಲ್ಲದೆ ತಿನ್ನಬಾರದು. ಮೇಲಿನ ಪ್ರಮಾಣದ ಒಂದು ವಾಫಲಿನಲ್ಲಿ ಸುಮಾರು 240 ಕ್ಯಾಲರಿ, 6 ಗ್ರಾಂ ಸಸಾರಜನಕವಿರುತ್ತದೆ. ಅಂದರೆ 70 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಷ್ಟೇ ಕ್ಯಾಲರಿ. ಬೆಲ್ಲವೂ ಸಕ್ಕರೆಯ ಜಾತಿಯದೇ. ಸಕ್ಕರೆ ಕಾಯಿಲೆಯವರು ಬೆಲ್ಲವನ್ನು ಪೂರ್ತಿ ಬಿಟ್ಟು, ಬಾಳೆಯ ಬದಲು ಮೇಲೆ ಪೇರಲ ಹಾಕಿಕೊಂಡು, ಊಟದ ಲೆಕ್ಕದೊಳಗೇ ಒಂದನ್ನು ತಿನ್ನಬೇಕು. ಸದಕ ಗೋಧಿ ಸಕ್ಕರೆ ಕಾಯಿಲೆಗೆ ಔಷಧವಲ್ಲ. ಗೋಧಿಯ ಅಂಟು ಒಗ್ಗದ ಸೀಲಿಯಾಕ್ ರೋಗಿಗಳಿಗೆ ಸದಕವೂ ವರ್ಜ್ಯ. ಅವರಿಗೆ ಶುದ್ಧವಾಗಿ ಬೀಸಿದ ನವಣೆ ಮತ್ತು ಉದ್ದಿನ ಪಡ್ಡೇ ಸರಿ. ರಕ್ತಹೀನತೆ ತೀವ್ರವಾಗಿದ್ದಲ್ಲಿ ಆಹಾರ ಒಂದೇ ಸಾಲದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ ಕಬ್ಬಿಣದ ಗುಳಿಗೆ ತೆಗೆದುಕೊಳ್ಳಬೇಕು.

ಮಹಿಳಾ ಸಂಘಗಳಿಗೆ ಒಂದು ದಾರಿ

ಮೂರೂ ಹಿಟ್ಟುಗಳನ್ನು ಹೇಳಿದ ಪ್ರಮಾಣದಲ್ಲಿ ಬೆರೆಸಿ, ಪೊಟ್ಟಣ ಕಟ್ಟಿ ಗದಗ-ಬೆಟಗೇರಿಯಲ್ಲಿ ಮಾರಲು ಸ್ವಸಹಾಯ ಸಂಘಗಳಿಗೆ ಅವಕಾಶವಿದೆ. 2023ನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಿಸಿದ ಮೇಲೆ ಪಟ್ಟಣಿಗರಲ್ಲಿ ನವಣೆಯ ಬಗ್ಗೆ ಆಸಕ್ತಿ ಬೆಳೆದಿದೆ. ಮಾರುವ ಮೊದಲು 2006ರ ಆಹಾರ ಸುರಕ್ಷತೆ ಕಾಯಿದೆಯಂತೆ ನೋಂದಣಿ ಮಾಡಿಸಬೇಕು ಮತ್ತು ಪೊಟ್ಟಣದ ಮೇಲೆ ಬೀಸಿದ ದಿನ ನಮೂದಿಸಬೇಕು. ತರಬೇತಿಗಾಗಿ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು.

ಆದರೆ ಮಾರಾಟಕ್ಕಿಂತ ಮೊದಲಿನದು ಮನೆಯ ಪಾಲು. ಮುಂದಿನ ಸುಗ್ಗಿಯಲ್ಲಿ ಚೀಲ ಹೊಲಿಯುವ ಮುನ್ನ ವರ್ಷಕ್ಕೆ ಬೇಕಾದ ನವಣೆ, ಜೋಳ, ಸದಕವನ್ನು ಅಳೆದು ತೆಗೆದಿಡುವುದು ರೈತ ಕುಟುಂಬಗಳಿಗೆ ಹಿತ. ಬದುವಿನಲ್ಲಿ ಎರಡು ಪೇರಲ ಸಸಿ, ಬಚ್ಚಲ ನೀರು ಹರಿಯುವಲ್ಲಿ ಒಂದೆರಡು ಪಪ್ಪಾಯಿ, ಬಾಳೆ ನೆಟ್ಟರೆ ಮೇಲಿನ ಹಣ್ಣೂ ಮನೆಯದೇ ಆಗುತ್ತದೆ. ಆಗ ಮಕ್ಕಳ ತಟ್ಟೆಯಲ್ಲಿರುವುದು ವಾಫಲ್ ಆಗಲಿ, ಪಡ್ಡು ಆಗಲಿ, ಅದರೊಳಗಿನ ಕಾಳು ಅವರ ಹೊಲದ್ದೇ ಆಗಿರುತ್ತದೆ.